ಗುಜರಿ ಅಂಗಡಿಯ ಸಲಕರಣೆ: ನೋಡಿ ಕೊಳ್ಳುವ ಬಗೆ



ಹದ ಬಂದ ಹೊಲ ಯಾರಿಗೂ ಕಾಯುವುದಿಲ್ಲ. ಬಿತ್ತನೆಯ ದಿನ ಕೂರಿಗೆಯ ಒಂದು ಬೋಲ್ಟು ಮುರಿದರೆ, ಇಲ್ಲವೆ ಕಲ್ಟಿವೇಟರಿನ ನಟ್ಟು ತುಕ್ಕು ಹಿಡಿದು ಬಿಗಿದುಕೊಂಡರೆ, ಪಟ್ಟಣಕ್ಕೆ ಹೋಗಿ ಸರಿ ಮಾಡಿಸಿ ತರುವಷ್ಟರಲ್ಲಿ ಇಡೀ ದಿನ ಕಳೆದುಹೋಗುತ್ತದೆ. ಒಂದು ಬೆಂಚ್ ವೈಸ್, ಒಂದು ಸೆಟ್ಟು ಪಾನಾ, ಸುತ್ತಿಗೆ, ಚಾಣ, ಅರ ಮತ್ತು ಡ್ರಿಲ್ ಮನೆಯಲ್ಲಿದ್ದರೆ ಅದೇ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಇವೆಲ್ಲವನ್ನೂ ಹೊಸದಾಗಿ ಕೊಳ್ಳುವುದು ಸಣ್ಣ ರೈತನಿಗೆ ಭಾರವೇ ಸರಿ. ಆದುದರಿಂದ ಗುಜರಿ ಅಂಗಡಿಯ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು.

ಒಳ್ಳೆಯ ಮಾಲು ಅಲ್ಲಿಗೆ ಏಕೆ ಬರುತ್ತದೆ?

ಕೆಟ್ಟದ್ದು ಮಾತ್ರ ಗುಜರಿಗೆ ಬರುತ್ತದೆಂದು ತಿಳಿಯಬೇಡಿ. ನಮ್ಮ ರಾಜ್ಯದಲ್ಲಿ ಯಂತ್ರದ ಕಾರ್ಖಾನೆಗಳಿಗೆ ಹಳೆಯ ಚರಿತ್ರೆಯಿದೆ. ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ಸಂಸ್ಥೆ 1953ರಲ್ಲಿ ಸ್ಥಾಪನೆಯಾಯಿತು. ಪೀಣ್ಯ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಸಣ್ಣ ಕಾರ್ಖಾನೆಗಳು ಬಹಳ ಇವೆ. ಕಾರ್ಖಾನೆಯವರು ಗಣಕಯಂತ್ರದಿಂದ ನಡೆಯುವ ಲೇತುಗಳನ್ನು ತಂದಾಗ, ಇಲ್ಲವೆ ಕೆಲಸ ನಿಲ್ಲಿಸಿದಾಗ, ಕೈಯಿಂದ ಬಳಸುವ ಸಲಕರಣೆಗಳು ತೂಕದ ಲೆಕ್ಕದಲ್ಲಿ ಹೊರಗೆ ಹೋಗುತ್ತವೆ. ಗುಜರಿಯವನಿಗೆ ಅದು ಬರೀ ಕಬ್ಬಿಣ, ಬಳಸುವವನಿಗೆ ಅದು ಸಲಕರಣೆ. ಈ ಅಂತರದಲ್ಲಿಯೇ ನಿಮ್ಮ ಲಾಭವಿದೆ.

ತಾಲ್ಲೂಕು ಪಟ್ಟಣದ ಗುಜರಿಯಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿಗೆ ಹೋದವರು ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಿನ ಸಂಡೇ ಬಜಾರಿನಲ್ಲಿ ಹಳೆಯ ಸಾಮಾನು ನೋಡಬಹುದು. ಹೊಸ ಮಾಲಿನ ಬೆಲೆ ತಿಳಿಯಲು ಸದರ ಪತ್ರಪ್ಪ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿವೆ.

ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ

ಎತ್ತು ಕೊಳ್ಳುವಾಗ ನೀವು ಮೈಮೇಲಿನ ಧೂಳು ನೋಡುವುದಿಲ್ಲ. ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಸಲಕರಣೆಯನ್ನೂ ಹಾಗೆಯೇ ನೋಡಬೇಕು. ಮೇಲಿನ ತುಕ್ಕು ಧೂಳಿದ್ದ ಹಾಗೆ, ತೊಳೆದರೆ ಹೋಗುತ್ತದೆ. ಬಿರುಕು, ಸವೆತ ಮತ್ತು ಹದಗೆಟ್ಟ ಉಕ್ಕು ಇವು ಒಳಗಿನ ರೋಗಗಳು. ಬಣ್ಣ ಬಳಿದು ಹೊಳೆಯುವ ವೈಸಿಗಿಂತ ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿರುವ ವೈಸೇ ಎಷ್ಟೋ ಸಲ ಮೇಲು. ಹೊಸ ಬಣ್ಣದ ಕೆಳಗೆ ಬೆಸುಗೆಯ ಗುರುತು ಅಡಗಿರಬಹುದು.

ಬೆಂಚ್ ವೈಸ್: ಇದು ಹೆಚ್ಚಾಗಿ ಬೀಡು ಕಬ್ಬಿಣದ್ದು. ಬೀಡು ಒಡೆದರೆ ಬೆಸುಗೆ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಸಂತೆಯಲ್ಲಿ ಮಡಕೆ ಕೊಳ್ಳುವ ತಾಯಂದಿರು ಬಾರಿಸಿ ನೋಡುವಂತೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ. ಒಡಕು ದನಿ ಬಂದರೆ ಬಿಟ್ಟುಬಿಡಿ. ಬಳಿಕ ತಿರುಪನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪೂರ್ತಿ ತಿರುಗಿಸಿ. ಹಿಡಿಯನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಿದರೂ ದವಡೆ ಅಲುಗದಿದ್ದರೆ ಒಳಗಿನ ನಟ್ಟು ಸವೆದಿದೆ ಎಂದು ತಿಳಿಯಿರಿ. ದವಡೆಯ ಎರಡೂ ಕೊನೆಗಳಲ್ಲಿ ಕಾಗದದ ಚೂರು ಇಟ್ಟು ಬಿಗಿಯಿರಿ. ಎರಡೂ ಒಂದೇ ಸಮನೆ ಬಿಗಿಯಾಗಿ ನಿಂತರೆ ದವಡೆ ನೇರವಾಗಿದೆ. ಹಿಡಿ ಇಲ್ಲದಿದ್ದರೂ, ದವಡೆಯ ಪಟ್ಟಿ ಕಳೆದಿದ್ದರೂ ಚಿಂತೆಯಿಲ್ಲ, ಲೇತಿನವನು ಮಾಡಿಕೊಡುತ್ತಾನೆ. ಈ ಕೊರತೆ ತೋರಿಸಿ ಬೆಲೆ ಇಳಿಸಬಹುದು.

ಅಡಿಗಲ್ಲು: ಹಳೆಯ ಬೇರಿಂಗಿನ ಒಂದು ಉಕ್ಕಿನ ಗುಂಡನ್ನು ಜೇಬಿನಲ್ಲಿ ಒಯ್ಯಿರಿ. ಅದನ್ನು 10 ಅಂಗುಲ ಎತ್ತರದಿಂದ ಅಡಿಗಲ್ಲಿನ ಮೇಲೆ ಬಿಡಿ. ಗುಂಡು 7-8 ಅಂಗುಲ ಪುಟಿದರೆ ಮುಖ ಗಟ್ಟಿಯಾಗಿದೆ. ಸತ್ತಂತೆ ಬಿದ್ದರೆ ಅದು ಮೆತು ಕಬ್ಬಿಣ, ಇಲ್ಲವೆ ಒಳಗೆ ಬಿರುಕಿದೆ. ಒಂದೇ ಕಡೆಯಲ್ಲ, ನಾಲ್ಕಾರು ಕಡೆ ಪರೀಕ್ಷಿಸಿ.

ಚಾಣ ಮತ್ತು ಡ್ರಿಲ್ ಬಿಟ್ಟು: ಮೊಂಡಾಗಿದ್ದರೆ ಸಾಣೆ ಹಿಡಿದರಾಯಿತು. ಆದರೆ ಚಾಣದ ಬಾಯಿ ನೀಲಿಗಟ್ಟಿದ್ದರೆ ಸಾಣೆಯ ಶಾಖಕ್ಕೆ ಅದರ ಹದ ಹೋಗಿದೆ. ಕಮ್ಮಾರನಿಂದ ಮತ್ತೆ ಹದ ಹಾಕಿಸಬೇಕು. ಉಕ್ಕಿನ ಜಾತಿ ತಿಳಿಯಲು ಸಾಣೆಗೆ ಸೋಕಿಸಿ ಕಿಡಿ ನೋಡಿ. ಬೆಳ್ಳಗೆ ಸಿಡಿದು ಕವಲೊಡೆಯುವ ಕಿಡಿ ಬಂದರೆ ಅದು ಊರ ಕುಲುಮೆಯಲ್ಲಿ ಹದ ಮಾಡಬಲ್ಲ ಉಕ್ಕು. ಕೆಂಪಗೆ, ಕಡಿಮೆಯಾಗಿ ಬಂದರೆ ಅದು ಹೈಸ್ಪೀಡ್ ಉಕ್ಕು: ಕೊರೆಯಲು ಬಹಳ ಒಳ್ಳೆಯದು, ಆದರೆ ಕುಲುಮೆಯ ಕೆಲಸಕ್ಕೆ ಬಾರದು. ಹಲ್ಲು ಸವೆದ ಅರವನ್ನು ಮಾತ್ರ ಅರವೆಂದು ಕೊಳ್ಳಬೇಡಿ.

ಅಳತೆಯ ಸಲಕರಣೆ: ವರ್ನಿಯರ್ ಕ್ಯಾಲಿಪರಿನ ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ದವಡೆ ಸವೆದಿದೆ. ಮುಚ್ಚಿದಾಗ ಎರಡು ಸೊನ್ನೆಗಳೂ ಕೂಡಬೇಕು. ಇನ್ನೊಂದು ಸುಲಭ ಪರೀಕ್ಷೆಯಿದೆ. 6204 ನಂಬರಿನ ಒಂದು ಹೊಸ ಬೇರಿಂಗನ್ನು ಜೊತೆಗಿಟ್ಟುಕೊಳ್ಳಿ. ಅದರ ಹೊರ ಅಳತೆ 47 ಮಿಲಿಮೀಟರು, ಒಳ ರಂಧ್ರ 20 ಮಿಲಿಮೀಟರು. ಕ್ಯಾಲಿಪರು ಇದನ್ನೇ ಹೇಳಬೇಕು. ಬೇರೆ ಹೇಳಿದರೆ ಎಷ್ಟೇ ಅಗ್ಗವಾದರೂ ಕೊಳ್ಳಕೂಡದು. ಸುಳ್ಳು ಹೇಳುವ ಅಳತೆಗೋಲು ಇಲ್ಲದಿರುವುದೇ ಮೇಲು.

ಅಂಗುಲವೋ, ಮಿಲಿಮೀಟರೋ?

ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ 1956ರಲ್ಲಿ ಕಾಯ್ದೆಯಾಯಿತು. ಮುಂದಿನ ವರ್ಷಗಳಲ್ಲಿ ಅದು ಹಂತಹಂತವಾಗಿ ಜಾರಿಗೆ ಬಂತು. ಆದುದರಿಂದ ಗುಜರಿಯ ರಾಶಿಯಲ್ಲಿ ಅಂಗುಲದ ಪಾನಾ, ಟ್ಯಾಪು, ಡೈಗಳು ಇನ್ನೂ ಸಿಗುತ್ತವೆ. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು. 12 ಮಿಲಿಮೀಟರಿನ ಬೋಲ್ಟಿಗೆ ಅರ್ಧ ಅಂಗುಲದ ಡೈ ಹಾಕಿದರೆ ತಿರುಪಿನ ಸುತ್ತು ಹಾಳಾಗುತ್ತದೆ. ಹಳೆಯ ವಿಟ್‌ವರ್ತ್ ಪಾನಾದಲ್ಲಿ ಇನ್ನೊಂದು ತೊಡಕಿದೆ: ಅದರ ಮೇಲೆ ಬರೆದಿರುವುದು ಬೋಲ್ಟಿನ ದಪ್ಪವೇ ಹೊರತು ಪಾನಾದ ಬಾಯಿಯ ಅಗಲವಲ್ಲ. ಅರ್ಧ ಅಂಗುಲವೆಂದು ಬರೆದ ಪಾನಾದ ಬಾಯಿ ಸುಮಾರು 23 ಮಿಲಿಮೀಟರು ಇರುತ್ತದೆ. ಆದುದರಿಂದ ನಿಮ್ಮ ಉಪಕರಣಗಳಲ್ಲಿರುವ ನಾಲ್ಕಾರು ನಟ್ಟು ಬೋಲ್ಟುಗಳನ್ನು ಚೀಲದಲ್ಲಿ ಒಯ್ದು, ಅಂಗಡಿಯಲ್ಲಿಯೇ ಹಾಕಿ ನೋಡಿ. ಬಾಯಿ ಅಗಲಿಸಿದ ಪಾನಾ ಬೇಡ. ಅದು ಜಾರಿದರೆ ನಟ್ಟಿನ ಮೂಲೆಯೂ ಹೋಗುತ್ತದೆ, ಬೆರಳಿಗೂ ಪೆಟ್ಟು.

ಹಳೆಯದನ್ನು ಕೊಳ್ಳಲೇಬಾರದ ವಸ್ತುಗಳು

ಅಗ್ಗಕ್ಕೂ ಒಂದು ಮಿತಿಯಿದೆ. ಜೀವ ಯಾವುದನ್ನು ನಂಬಿರುತ್ತದೆಯೋ ಅದನ್ನು ಹೊಸದಾಗಿಯೇ ಕೊಳ್ಳಬೇಕು.

ಹಳೆಯ ಸಾಣೆಚಕ್ರ ಬೇಡವೇ ಬೇಡ. ಕಣ್ಣಿಗೆ ಕಾಣದ ಬಿರುಕಿದ್ದರೂ ವೇಗವಾಗಿ ತಿರುಗುವಾಗ ಒಡೆದು ಚೂರುಗಳು ಗುಂಡಿನಂತೆ ಹಾರುತ್ತವೆ. ಗ್ರೈಂಡರಿನ ಮೋಟಾರು ಹಳೆಯದಿರಬಹುದು. ಚಕ್ರ ಮತ್ತು ಅದರ ಮೇಲಿನ ಕಾಪು ಸರಿಯಾಗಿರಲೇಬೇಕು. ಮೋಟಾರಿನ ತಂತಿಯನ್ನು ಬದಲಿಸಿ, ಅರ್ತ್ ಹಾಕಿಸಿ, ಎಲೆಕ್ಟ್ರೀಷಿಯನ್ನರಿಗೆ ತೋರಿಸಿದ ಮೇಲೆಯೇ ಓಡಿಸಿ. ಭಾರ ಎತ್ತುವ ಹಳೆಯ ಸರಪಳಿ, ಕೊಕ್ಕೆಗಳನ್ನು ಮುಟ್ಟಬೇಡಿ. ಜಾಕು ಹೊಸದಾಗಲಿ ಹಳೆಯದಾಗಲಿ, ಅದೊಂದನ್ನೇ ನಂಬಿ ಟ್ರಾಲಿಯ ಕೆಳಗೆ ನುಸಿಯಕೂಡದು. ಗಟ್ಟಿ ದಿಮ್ಮಿ ಕೊಟ್ಟು ನಿಲ್ಲಿಸಿದ ಮೇಲೆ ಹೋಗಬೇಕು. ತಲೆ ಹೂವಿನಂತೆ ಅರಳಿದ ಚಾಣ ಕೊಂಡರೆ ಆ ಅಂಚನ್ನು ಸಾಣೆಯಲ್ಲಿ ತೆಗೆದೇ ಬಳಸಿ. ಇಲ್ಲವಾದರೆ ಹೊಡೆತಕ್ಕೆ ಸಿಡಿದ ಚೂರು ಕಣ್ಣಿಗೆ ಬೀಳುತ್ತದೆ.

ಬೆಲೆ ಮತ್ತು ಚೀಟಿ

ಮೊದಲು ಹೊಸದರ ಬೆಲೆ ವಿಚಾರಿಸಿ. ಒಳ್ಳೆಯ ಸ್ಥಿತಿಯಲ್ಲಿರುವುದಕ್ಕೂ ಅದರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ರಿಪೇರಿ ಬೇಕಾದರೆ ಆ ಖರ್ಚನ್ನೂ ಕಳೆದು ಕೇಳಿ. ಕೊಂಡದ್ದಕ್ಕೆ ಚೀಟಿ ಪಡೆಯಿರಿ. ಕಾರ್ಖಾನೆಯ ಗುರುತನ್ನು ಉಜ್ಜಿ ಅಳಿಸಿದ, ಹೊಚ್ಚಹೊಸದಾಗಿದ್ದರೂ ಕಾಲು ಬೆಲೆಗೆ ಬರುವ ಮಾಲಿನಿಂದ ದೂರವಿರಿ. ಕದ್ದದ್ದೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಸೆರೆವಾಸವಾಗಬಹುದು.

ಮನೆಗೆ ತಂದ ಮೇಲೆ

ಬಿಗಿದುಕೊಂಡ ತಿರುಪಿಗೆ ಡೀಸೆಲ್ ಬಿಟ್ಟು ಒಂದೆರಡು ದಿನ ಇಡಿ. ಸುತ್ತಿಗೆ, ಚಾಣಗಳ ತುಕ್ಕಿಗೆ ಗಟ್ಟಿಯಾಗಿ ಕಿವುಚಿದ ಹುಣಸೆ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ತಂತಿಯ ಬ್ರಷ್ಷಿನಿಂದ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಕೂಡಲೇ ಎಣ್ಣೆ ಸವರಿ. ಅಳತೆಯ ಸಲಕರಣೆಗಳನ್ನು ಹುಳಿಯಲ್ಲಿ ಹಾಕಬೇಡಿ. ತುಕ್ಕು ಬಿಡಿಸಲೆಂದು ಯಾವುದನ್ನೂ ಬೆಂಕಿಗೆ ಹಾಕಬೇಡಿ. ತುಕ್ಕಿನ ಜೊತೆಗೆ ಉಕ್ಕಿನ ಹದವೂ ಹೋಗುತ್ತದೆ.

ಒಬ್ಬರಿಗೆ ಭಾರವಾದರೆ ನಾಲ್ಕು ಮನೆಯವರು ಕೂಡಿ ಒಂದು ವೈಸ್ ಮತ್ತು ಒಂದು ಡ್ರಿಲ್ ಕೊಳ್ಳಬಹುದು. ಹೋಗುವಾಗ ಊರ ಕಮ್ಮಾರರನ್ನೋ ಲೇತಿನ ಕೆಲಸ ಬಲ್ಲವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಈ ಕೆಲಸಕ್ಕೆ ಬೇಸಿಗೆಯೇ ತಕ್ಕ ಕಾಲ. ಮಳೆ ಬೀಳುವ ಮೊದಲು ಸಲಕರಣೆ ಮನೆಯಲ್ಲಿರಲಿ, ಎಣ್ಣೆ ಕಂಡಿರಲಿ.