ಗಾಜು ಬಿಚ್ಚದೆ ತುಕ್ಕು ಹೋಗದು

ಹಳೆಯ ಪ್ರೀಮಿಯರ್ ಪದ್ಮಿನಿಯ ಹಿಂದಿನ ಗಾಜಿನ ಕೆಳಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ತುಕ್ಕು ಈಗಷ್ಟೇ ಶುರುವಾಗಿದೆ ಎಂದುಕೊಳ್ಳಬಾರದು. ಒಳಗಿನಿಂದ ತಗಡನ್ನು ತಿನ್ನುತ್ತ ಬಂದ ತುಕ್ಕು ಕೊನೆಗೆ ಹೊರಗೆ ಮುಖ ತೋರಿಸಿದೆ, ಅಷ್ಟೆ. ಟಿಂಕರಿಂಗ್ ಕಸುಬಿನಲ್ಲಿ ಇಷ್ಟು ಸುಲಭವಾಗಿ ಕಣ್ಕಟ್ಟು ಮಾಡಬಹುದಾದ ಜಾಗ ಇನ್ನೊಂದಿಲ್ಲ. ಗುಳ್ಳೆ ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಸಂಜೆಯೊಳಗೆ ಕಾರು ಫಳಫಳ ಹೊಳೆಯುತ್ತದೆ. ಮಾಲೀಕರೂ ಖುಷಿಯಿಂದ ದುಡ್ಡು ಕೊಟ್ಟು ಹೋಗುತ್ತಾರೆ. ಆದರೆ ಗಾಜನ್ನು ಅದರ ಜಾಗದಲ್ಲೇ ಬಿಟ್ಟು ಮಾಡಿದ ಈ ಕೆಲಸವನ್ನು ರಿಪೇರಿ ಎಂದು ಕರೆಯಲು ಬರುವುದಿಲ್ಲ.

ಕಾರಣ ಆ ಕಾರಿನ ಕಟ್ಟೋಣದಲ್ಲೇ ಇದೆ. ಇಟಲಿಯ ಫಿಯೆಟ್ 1100ರ ಕುಲದ, 1974ರಿಂದ ಪದ್ಮಿನಿ ಎಂಬ ಹೆಸರಿನಲ್ಲಿ ಬಂದ ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರಬೇಕು. ಅದರ ಹಿಂದಿನ ಗಾಜು ಇಂದಿನ ಕಾರುಗಳಂತೆ ಅಂಟಿನಿಂದ ನಿಂತಿಲ್ಲ, ರಬ್ಬರ್ ಬೀಡಿಂಗ್ ಅದನ್ನು ಕಚ್ಚಿ ಹಿಡಿದಿರುತ್ತದೆ. ಬೀಡಿಂಗ್ ಕೂರುವ ಅಂಚು ಎಂದರೆ ಎರಡು ತಗಡುಗಳನ್ನು ಜೋಡಿಸಿ ಅಲ್ಲಲ್ಲಿ ಸ್ಪಾಟ್ ವೆಲ್ಡಿಂಗ್ ಮಾಡಿದ ತುಟಿ. ಆ ಎರಡು ತಗಡುಗಳ ನಡುವೆ ಬಣ್ಣ ಸರಿಯಾಗಿ ಇಳಿಯುವುದೇ ಇಲ್ಲ. ಬಿಸಿಲಿಗೆ ರಬ್ಬರ್ ಗಡುಸಾಗಿ ಸೀಳು ಬಿಟ್ಟರೆ ನೀರು ಒಳಗಿಳಿದು ಕೆಳಮೂಲೆಗಳಲ್ಲಿ ನಿಲ್ಲುತ್ತದೆ. ಧೂಳು, ಎಲೆಪುಡಿ ಆ ತೇವವನ್ನು ಆರಲು ಬಿಡುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಜೋಡಿಸಿದ ತಗಡುಗಳನ್ನೇ ದೂಡಿ ಬಿಡಿಸುತ್ತದೆ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯ ಜೊತೆಗೆ ಕಡಲಿನ ಉಪ್ಪುಗಾಳಿಯೂ ಇರುವ ಮಂಗಳೂರು, ಉಡುಪಿಗಳಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ.

ಕಸುಬು ಬಲ್ಲ ಟಿಂಕರ್ ಮೊದಲು ಅಯಸ್ಕಾಂತ ಹಿಡಿದು ನೋಡುತ್ತಾನೆ. ಅದು ಕಚ್ಚದ ಕಡೆ ಹಳೆಯ ಪುಟ್ಟಿ ಇದೆ ಎಂದೇ ಲೆಕ್ಕ. ಗಾಜು ಬಿಚ್ಚಿದ ಮೇಲೆ ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಬೇಕು. ಕರುಣೆ ತೋರಿ ಒಂದಿಷ್ಟು ಉಳಿಸಿದರೆ ಅಲ್ಲಿಂದಲೇ ಮತ್ತೆ ಶುರು. ರಟ್ಟಿನಲ್ಲಿ ಅಳತೆ ತೆಗೆದು, ಒಂದು ಮಿ.ಮೀ. ಆಸುಪಾಸಿನ ದಪ್ಪದ ತಗಡನ್ನು ಸುತ್ತಿಗೆಯಿಂದ ಬಡಿದು ಮೂಲೆಯ ಬಾಗಿಗೆ ಒಗ್ಗಿಸುವುದು ನಿಜವಾದ ಕೈಚಳಕ, ಏಕೆಂದರೆ ಆ ಮೂಲೆ ಎರಡು ದಿಕ್ಕಿಗೂ ಬಾಗಿರುತ್ತದೆ. ವೆಲ್ಡಿಂಗನ್ನು ಒಂದೇ ಸಮನೆ ಎಳೆಯದೆ ಚುಕ್ಕಿ ಚುಕ್ಕಿಯಾಗಿ, ಜಾಗ ಬದಲಿಸುತ್ತ ಹಾಕಬೇಕು, ಇಲ್ಲವಾದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಅಂಚಿನ ದಪ್ಪ ಮೊದಲಿನಷ್ಟೇ ಇರಬೇಕು. ದಪ್ಪವಾದರೆ ಬೀಡಿಂಗ್ ಕೂರದು. ಎಪಾಕ್ಸಿ ಪ್ರೈಮರ್, ಸಂದಿಗೆ ಸೀಲರ್, ಬಣ್ಣ ಎಲ್ಲವೂ ಪೂರ್ತಿ ಒಣಗಿದ ನಂತರವೇ ಗಾಜಿನ ಸರದಿ. ಗಾಜಿಗೆ ಹೊಸ ಬೀಡಿಂಗ್ ತೊಡಿಸಿ, ಅದರ ಒಳತೋಡಿನಲ್ಲಿ ಸುತ್ತಲೂ ದಾರ ಕೂರಿಸಿ, ಸೋಪಿನ ನೀರು ಸವರುತ್ತಾರೆ. ಹೊರಗಿನಿಂದ ಒಬ್ಬ ಅಂಗೈಯಿಂದ ಗಾಜನ್ನು ಒತ್ತುತ್ತಿದ್ದರೆ, ಕಾರಿನೊಳಗೆ ಕುಳಿತವನು ದಾರದ ತುದಿಯನ್ನು ಮೆಲ್ಲಗೆ ಎಳೆಯುತ್ತಾನೆ. ದಾರ ಹೊರಬಂದಷ್ಟೂ ರಬ್ಬರಿನ ತುಟಿ ಮಗುಚಿ ತಗಡಿನ ಅಂಚನ್ನು ಅಪ್ಪಿಕೊಳ್ಳುತ್ತದೆ. ಆಮೇಲೆ ಪೈಪಿನಿಂದ ನೀರು ಬಿಟ್ಟು, ಒಳಗೆ ಒಂದು ಹನಿಯೂ ಇಳಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರೆ ಕೆಲಸ ಮುಗಿದಂತೆ.

ಬಿಚ್ಚುವಾಗ ಗಾಜು ಒಡೆದರೆ ಎಂಬ ಭಯ ಸಹಜ. ಹಿಂಭಾಗಕ್ಕೆ ಸಾಮಾನ್ಯವಾಗಿ ಬಳಸುವ ಟಫನ್ಡ್ ಗಾಜಿನ ಅಂಚಿಗೆ ಪೆಟ್ಟು ಬಿದ್ದರೆ ಇಡೀ ಗಾಜು ಪುಡಿಯಾಗುತ್ತದೆ, ನಿಜ. ಆದರೆ ಗಡುಸಾದ ಹಳೆ ಬೀಡಿಂಗನ್ನು ಉಳಿಸುವ ಆಸೆ ಬಿಟ್ಟು ಚಾಕುವಿನಿಂದ ಕೊಯ್ದುಹಾಕಿದರೆ ಗಾಜನ್ನು ಮೀಟುವ ಪ್ರಮೇಯವೇ ಬರುವುದಿಲ್ಲ. ಗಾಜು ಇದ್ದಲ್ಲೇ ವೆಲ್ಡಿಂಗ್ ಮಾಡುವುದು ಇನ್ನೂ ಅಪಾಯ. ಕಿಡಿ ತಾಗಿದ ಗಾಜಿನ ಮೇಲೆ ಬಿದ್ದ ಚುಕ್ಕಿ ಅಳಿಸಲಾಗದು. ತುಕ್ಕು ಕೊಲ್ಲುವ ದ್ರಾವಣ ಸಾಲದೇ ಎಂದು ಕೇಳುವವರಿದ್ದಾರೆ. ಫಾಸ್ಫಾರಿಕ್ ಆಮ್ಲದ ದ್ರಾವಣ ಮೇಲ್ಮೈ ತುಕ್ಕಿಗೆ ಒಳ್ಳೆಯ ಮದ್ದೇ, ಆದರೆ ಅದು ತಾನು ತಲುಪಿದ ಕಡೆ ಮಾತ್ರ ಕೆಲಸ ಮಾಡುತ್ತದೆ. ತಗಡುಗಳ ನಡುವಿನ ಸಂದಿಗೂ ತೂತಿಗೂ ಅದರಿಂದ ಪ್ರಯೋಜನವಿಲ್ಲ. ಪುಟ್ಟಿಯಂತೂ ತೇವ ಹೀರಿ ತಗಡಿಗೇ ಉಣಿಸುತ್ತದೆ.

ಹೆಚ್ಚು ತೂಕದ ಆಕ್ಷೇಪ ಹಣದ್ದು: ಹಳೆ ಕಾರಿಗೆ ಇಷ್ಟೆಲ್ಲ ಏಕೆ? ಗಾಜಿನ ಪಕ್ಕದ ಕಂಬಗಳ ಬುಡ, ಡಿಕ್ಕಿಯ ತಳ ಎಲ್ಲವೂ ಕೊಳೆತಿದ್ದರೆ ನಾನೂ ಬೇಡವೆಂದೇ ಹೇಳುತ್ತೇನೆ. ಮೂಲೆ ಮಾತ್ರ ಹೋಗಿದ್ದರೆ ಲೆಕ್ಕ ಬೇರೆ. ಬೇಕಾಗುವುದು ಒಂದು ತುಂಡು ತಗಡು, ಒಂದು ಬೀಡಿಂಗ್. ಬೀಡಿಂಗಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ವಿಚಾರಿಸಬಹುದು. ಉಳಿದದ್ದೆಲ್ಲ ಕುಶಲಕರ್ಮಿಯ ಸಮಯ, ಅದಕ್ಕೆ ತಕ್ಕ ಕೂಲಿ ಕೊಡುವುದೇ ನ್ಯಾಯ. ಮುಂದೂಡಿದರೆ ಅದೇ ನೀರು ಡಿಕ್ಕಿಗಿಳಿದು ಕೆಲಸವನ್ನು ಎರಡು ಪಟ್ಟು ಮಾಡುತ್ತದೆ. ಹಳೆಯದಾದಷ್ಟಕ್ಕೇ ಕಾರು ಬೇಡವಾಗುವುದೂ ಇಲ್ಲ: 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರುಗಳಿಗೆ ವಿಂಟೇಜ್ ನೋಂದಣಿಯ ಅವಕಾಶವಿದೆ. ಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ.

ಹಾಗಾಗಿ ಗ್ಯಾರೇಜಿನಲ್ಲಿ ರೇಟು ಮಾತಾಡುವ ಮುನ್ನ ಗಾಜು ಬಿಚ್ಚುತ್ತೀರಾ ಎಂದು ಕೇಳಿ. ಇಲ್ಲ ಎಂದರೆ ಕಾರನ್ನು ಅಲ್ಲಿ ಬಿಡಬೇಡಿ.