ಕೈಜಾರಿದ ಪಿಸ್ತೂಲು ಸಿಡಿಯದಿರಲು

ಗುಂಡು ತುಂಬಿದ ಪಿಸ್ತೂಲು ಕೈಜಾರಿ ಬಿದ್ದಾಗ, ಟ್ರಿಗರನ್ನು ಯಾರೂ ಮುಟ್ಟದಿದ್ದರೂ ಸಿಡಿಯಬಲ್ಲದು. ಇದು ಕಟ್ಟುಕತೆಯಲ್ಲ.

ಹ್ಯಾಮರ್ ಬಡಿದಾಗ ಫೈರಿಂಗ್ ಪಿನ್ ಎಂಬ ಉಕ್ಕಿನ ಕಡ್ಡಿಯು ಮುನ್ನುಗ್ಗಿ ತೋಟಾದ ಬುಡದಲ್ಲಿರುವ ಪ್ರೈಮರಿಗೆ ತಾಗುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ, 1911ರಲ್ಲಿ ಅಮೆರಿಕದ ಸೇನೆಯು ಸ್ವೀಕರಿಸಿದ ಕೋಲ್ಟ್ ಪಿಸ್ತೂಲಿನಲ್ಲಿ ಈ ಪಿನ್ನನ್ನು ಹಿಂದಕ್ಕೆ ಹಿಡಿದಿಡಲು ಒಂದು ಸ್ಪ್ರಿಂಗ್ ಮಾತ್ರವಿತ್ತು. ನಳಿಕೆ ಕೆಳಮುಖವಾಗಿ ಗಟ್ಟಿನೆಲಕ್ಕೆ ಅಪ್ಪಳಿಸಿದರೆ ಪಿಸ್ತೂಲು ನಿಲ್ಲುತ್ತದೆ, ಒಳಗಿನ ಪಿನ್ ನಿಲ್ಲುವುದಿಲ್ಲ. ಹಠಾತ್ತನೆ ನಿಂತ ಬಸ್ಸಿನಲ್ಲಿ ಪ್ರಯಾಣಿಕನು ಮುಗ್ಗರಿಸುವಂತೆಯೇ ಇದು.

ಇದಕ್ಕೆ ಪರಿಹಾರವಾಗಿ, ಪಿನ್ನಿನ ದಾರಿಗೆ ಅಡ್ಡಲಾಗಿ ಸ್ಪ್ರಿಂಗ್ ಒತ್ತಿಹಿಡಿದ ಪುಟ್ಟ ಅಗುಳಿಯೊಂದನ್ನು ಇರಿಸಲಾಯಿತು. ಟ್ರಿಗರನ್ನು ಪೂರ್ತಿಯಾಗಿ ಎಳೆದಾಗ ಮಾತ್ರ ಸನ್ನೆಯೊಂದು ಅದನ್ನು ಎತ್ತಿ ದಾರಿ ತೆರವುಗೊಳಿಸುತ್ತದೆ. ಬಿಟ್ಟೊಡನೆ ಅಗುಳಿ ತಾನಾಗಿಯೇ ಮರಳುತ್ತದೆ. ಬಳಸುವವನು ನೆನಪಿಟ್ಟು ಮಾಡಬೇಕಾದುದೇನೂ ಇಲ್ಲ. ಅಂತೆಯೇ ಇದನ್ನು ನಿಷ್ಕ್ರಿಯ ಸುರಕ್ಷಾ ವ್ಯವಸ್ಥೆಯೆನ್ನುತ್ತಾರೆ. ಜರ್ಮನಿಯ ವಾಲ್ಥರ್ ಪಿ-38ರಲ್ಲಿ ಇಂತಹ ತಡೆಯಿತ್ತು. ಕೋಲ್ಟ್ ಸಂಸ್ಥೆಯು 1983ರ ‘ಸೀರೀಸ್ 80’ ಪಿಸ್ತೂಲುಗಳಲ್ಲಿ ಇದನ್ನು ಅಳವಡಿಸಿದಾಗ, ಟ್ರಿಗರ್ ಎಳೆತದ ನಯ ಕೆಡುತ್ತದೆಂದು ಗುರಿಕಾರರು ಗೊಣಗಿದರು. ಆಕ್ಷೇಪಣೆ ಹುರುಳಿಲ್ಲದ್ದಲ್ಲ, ಆದರೆ ಪ್ರಾಣಹಾನಿಯ ಎದುರು ಅಲ್ಪವಾದುದು.

ಟ್ರಿಗರ್ ಎಳೆದ ಬೆರಳು ಯಾರದೆಂದು ಮಾತ್ರ ಈ ಅಗುಳಿ ಅರಿಯದು. ಮಗುವಿನ ಬೆರಳಿಗೂ ದಾರಿ ಬಿಡುತ್ತದೆ. ಜಿಡ್ಡುಗಟ್ಟಿ ಅದು ಮೇಲೆಯೇ ಸಿಲುಕಿಕೊಂಡರೆ ಪಿಸ್ತೂಲು ಎಂದಿನಂತೆಯೇ ಕೆಲಸ ಮಾಡುತ್ತದೆ. ರಕ್ಷಣೆ ತಪ್ಪಿದ ಸುಳಿವು ಹೊರಗೆ ಕಾಣುವುದಿಲ್ಲ. ಆದುದರಿಂದ ಲೈಸೆನ್ಸುದಾರರು ಅದನ್ನು ಪರವಾನಗಿ ಪಡೆದ ಬಂದೂಕು ದುರಸ್ತಿಗಾರರಿಂದ ಆಗಾಗ ಪರೀಕ್ಷಿಸಿಕೊಳ್ಳತಕ್ಕದ್ದು.