ಎಲೆ ಇಲ್ಲದ ಹೊತ್ತಿನಲ್ಲೇ ಪೀಚ್ ಮರಕ್ಕೆ ಮದ್ದು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರ ಹಿತ್ತಿಲುಗಳಲ್ಲಿ ಕರಿಬೇವು ಚಳಿಗೆ ಸೊರಗುತ್ತದೆ. ಪೀಚ್ ಮರಕ್ಕೆ ಆ ಚಳಿಯೇ ಬೇಕು. ಚಳಿಗಾಲ ಮುಗಿಯುತ್ತಿದ್ದಂತೆ ಬೋಳು ಕೊಂಬೆಗಳ ತುಂಬ ಗುಲಾಬಿ ಹೂ ಬಿರಿಯುತ್ತದೆ, ಹಿಂದೆಯೇ ಎಳೆ ಎಲೆ ಬರುತ್ತದೆ. ಕೆಲವೇ ವಾರಗಳಲ್ಲಿ ಆ ಎಲೆಗಳು ದಪ್ಪಗಾಗಿ, ಗುಳ್ಳೆ ಎದ್ದು, ಕೆಂಪಾಗಿ ಮುರುಟಿಕೊಳ್ಳುತ್ತವೆ. ಮನೆಯವರು ಗಾಬರಿಯಿಂದ ಔಷಧಿ ತಂದು ಹೊಡೆಯುತ್ತಾರೆ. ಏನೂ ಉಪಯೋಗವಾಗುವುದಿಲ್ಲ.

ಕಾರಣ ಸರಳ. ಎಲೆ ಮುರುಟು ರೋಗ ತರುವ ಟಫ್ರಿನಾ ಡಿಫಾರ್ಮನ್ಸ್ ಎಂಬ ಶಿಲೀಂಧ್ರ ಎಲೆಯನ್ನು ಹೊಗುವುದು ಮೊಗ್ಗು ಒಡೆಯುವ ಹೊತ್ತಿನಲ್ಲೇ. ಅದರ ಬೀಜಾಣುಗಳು ಬೇಸಿಗೆಯಿಡೀ, ಚಳಿಗಾಲವಿಡೀ ತೊಗಟೆ ಮತ್ತು ಮೊಗ್ಗಿನ ಸಿಪ್ಪೆಯ ಮೇಲೆ ಕುಳಿತಿರುತ್ತವೆ. ಮಳೆನೀರು ಅವುಗಳನ್ನು ಬಿರಿಯುತ್ತಿರುವ ಮೊಗ್ಗಿನೊಳಕ್ಕೆ ಇಳಿಸುತ್ತದೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಮಳೆಗಾಲವೆಂದರೆ ಚಳಿಗಾಲವೇ ಆದ್ದರಿಂದ ಈ ರೋಗಕ್ಕೆ ಅಲ್ಲಿ ಹೇಳಿ ಮಾಡಿಸಿದ ಹವೆ. ಎಲೆ ಕೆಂಪಾಗಿ ಕಂಡ ದಿನ ರೋಗ ಶುರುವಾದ ದಿನವಲ್ಲ.

ಹಾಗಾಗಿ ಮದ್ದು ಹೊಡೆಯಬೇಕಾದ್ದು ಮರದಲ್ಲಿ ಒಂದೂ ಎಲೆ ಇಲ್ಲದಾಗ. ನವೆಂಬರ್ ಕೊನೆಗೆ ಎಲೆ ಉದುರಿದ ಮೇಲೆ ತಾಮ್ರದ ಶಿಲೀಂಧ್ರನಾಶಕವನ್ನು ಕೊಂಬೆ, ರೆಂಬೆ, ಮೊಗ್ಗು ಪೂರಾ ತೊಯ್ಯುವಂತೆ ಸಿಂಪಡಿಸಬೇಕು. ಸಾಮಾನ್ಯವಾಗಿ ಒಂದು ಸಲ ಸಾಕು. ಮಳೆ ಜೋರಾದ ವರ್ಷ, ಹೂಮೊಗ್ಗು ಉಬ್ಬತೊಡಗುವಾಗ, ಎಲೆಯ ಹಸಿರು ತುದಿ ಇಣುಕುವ ಮೊದಲು, ಇನ್ನೊಂದು ಸಲ. ಇದು ಹೊಸ ತಿಳಿವಳಿಕೆಯೇನಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ನ್ಯೂಟನ್ ಪಿಯರ್ಸ್ ಇದೇ ರೋಗದ ಬಗ್ಗೆ 1900ರಲ್ಲಿ ದೊಡ್ಡ ವರದಿಯನ್ನೇ ಬರೆದಿದ್ದರು.

ಮಲೆನಾಡಿನವರಿಗೆ ಈ ಲೆಕ್ಕಾಚಾರ ಬಿಡಿಸಿ ಹೇಳಬೇಕಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮುಂಗಾರು ಹಿಡಿಯುವ ಮುನ್ನವೇ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುವುದು ಅಲ್ಲಿ ತಲೆಮಾರುಗಳ ರೂಢಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ದ್ರಾಕ್ಷಿಗಾಗಿ ಪ್ರಕಟಿಸಿದ ಮಿಶ್ರಣ ಅದು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಕೊಟ್ಟರು; ಅಡಿಕೆಗೂ ಅದೇ ಮದ್ದಾಯಿತು. ತೀರ್ಥಹಳ್ಳಿಯ ತೋಟದಿಂದ ಹೋದವರು ಫ್ರೀಮಾಂಟಿನ ಪೀಚ್ ಮರಕ್ಕೂ ತುತ್ತ-ಸುಣ್ಣವನ್ನೇ ಹೊಡೆಯಬಹುದು. ಪಕ್ಕದ ಬೇಲಿ, ಗೋಡೆಗೆ ನೀಲಿ ಕಲೆ ಹಿಡಿಯದಂತೆ ನೋಡಿಕೊಂಡರಾಯಿತು. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ನೀರಿಗೆ ಸೇರಿದರೆ ಮೀನಿಗೆ ವಿಷ. ಹೆಚ್ಚು ಹೊಡೆದರೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲಿ ನಡೆಯದು.

ಈ ವರ್ಷ ಕಾಲ ಮೀರಿಹೋಗಿದ್ದರೆ? ಮುರುಟಿದ ಎಲೆ ಕಿತ್ತು ಫಲವಿಲ್ಲ. ಅವು ತಾವೇ ಉದುರುತ್ತವೆ, ಬಿಸಿಲೇರಿದ ಮೇಲೆ ಹೊಸ ಎಲೆ ಬರುತ್ತದೆ. ಅಷ್ಟರಲ್ಲಿ ಮರ ಬಳಲಿರುತ್ತದೆ, ಅದಕ್ಕೆ ನೀರು ತಪ್ಪಿಸಬಾರದು. ಕಾಯಿಗಳನ್ನೂ ಧೈರ್ಯವಾಗಿ ಕಿತ್ತು ಹೊರೆ ಇಳಿಸಬೇಕು. ವರ್ಷಾವರ್ಷ ರೋಗ ಮರುಕಳಿಸಿದರೆ ಮಾತ್ರ ಮರ ಕ್ಷೀಣಿಸುತ್ತದೆ.

ಹಣ್ಣಿನ ಶತ್ರು ಬೇರೆಯೇ ಇದೆ. ಮೊನಿಲಿನಿಯಾ ಶಿಲೀಂಧ್ರ ತರುವ ಕಂದು ಕೊಳೆ ಮೊದಲು ಹೂವನ್ನು ಒಣಗಿಸುತ್ತದೆ, ಆಮೇಲೆ ಮಾಗುವ ಹಣ್ಣಿಗೆ ಬೀಳುತ್ತದೆ. ಸಣ್ಣ ಕಂದು ಚುಕ್ಕೆ ಬೇಗನೆ ಹರಡಿ, ಮೇಲೆ ಬೂದು ಬಣ್ಣದ ಹುಡಿ ಏಳುತ್ತದೆ. ಕೊಳೆತ ಹಣ್ಣು ಕೊಂಬೆಯಲ್ಲೇ ಸುಕ್ಕುಗಟ್ಟಿ ಒಣಗಿ ನೇತಾಡಿದರೆ ಮುಂದಿನ ವರ್ಷದ ರೋಗ ಅಲ್ಲಿಂದಲೇ ಹೊರಡುತ್ತದೆ. ಮದ್ದಿಗಿಂತ ಮೊದಲು ಆ ಒಣಹಣ್ಣುಗಳನ್ನೆಲ್ಲ, ಮರದ ಮೇಲಿನದನ್ನೂ ನೆಲಕ್ಕೆ ಬಿದ್ದದ್ದನ್ನೂ, ಆರಿಸಿ ಎಸೆಯಬೇಕು. ಎಳೆಗಾಯಿಗಳ ನಡುವೆ ಒಂದು ಗೇಣು ಅಂತರ ಬಿಟ್ಟು ಉಳಿದವನ್ನು ಕೀಳುವುದು ಎಷ್ಟೋ ಜನರಿಗೆ ಸಂಕಟ. ಆದರೆ ಒಂದಕ್ಕೊಂದು ತಾಗಿ ಬೆಳೆದ ಹಣ್ಣಿನಲ್ಲೇ ಕೊಳೆ ಬೇಗ ದಾಟುವುದು. ಸ್ಪ್ರಿಂಕ್ಲರ್ ನೀರು ಎಲೆ, ಹೂಗಳ ಮೇಲೆ ಬೀಳದಿರಲಿ, ಬುಡಕ್ಕಷ್ಟೇ ಹೋಗಲಿ. ಕೊಂಬೆ ಸವರುವಾಗ ಮರದ ನಡುಭಾಗ ಬಿಡಿಸಿಟ್ಟರೆ ಗಾಳಿ ಬಿಸಿಲು ಆಡಿ ತೇವ ಬೇಗ ಆರುತ್ತದೆ.

ಕಾಂಡದಿಂದ ಅಂಟು ಸೋರುವುದನ್ನು ಕಂಡು ಎಲ್ಲರೂ ಹೆದರುತ್ತಾರೆ. ಅಂಟು ಸ್ವತಃ ರೋಗವಲ್ಲ, ಮರದ ಪ್ರತಿಕ್ರಿಯೆ. ಬುಡದ ಅಂಟಿನಲ್ಲಿ ಮರದ ಹೊಟ್ಟು ಬೆರೆತಿದ್ದರೆ ಒಳಗೆ ಕಾಂಡ ಕೊರೆಯುವ ಹುಳುವಿದೆ ಎಂದರ್ಥ. ಅಂಟು ತಿಳಿಯಾಗಿದ್ದರೆ ಗಾಯ, ಬಿಸಿಲ ಬೇಗೆ, ಅತಿಯಾದ ನೀರು, ಇಲ್ಲವೇ ತೊಗಟೆಯ ಸೋಂಕು ಕಾರಣವಿದ್ದೀತು.

ಹೊಸದಾಗಿ ಸಸಿ ನೆಡುವವರಿಗೆ ಒಂದು ಅನುಕೂಲವಿದೆ. 'ಫ್ರಾಸ್ಟ್' ಎಂಬ ತಳಿ ಎಲೆ ಮುರುಟನ್ನು ಚೆನ್ನಾಗಿ ತಡೆಯುತ್ತದೆ, ಆದರೂ ಮೊದಲ ಎರಡು ಮೂರು ವರ್ಷ ಚಳಿಗಾಲದ ಸಿಂಪಡಣೆ ಬೇಕು. 'ಇಂಡಿಯನ್ ಫ್ರೀ' ಕೂಡ ತಡೆದುಕೊಳ್ಳುತ್ತದೆ. ಅದು ಕಾಯಿ ಕಚ್ಚಲು ಹತ್ತಿರದಲ್ಲಿ ಬೇರೆ ತಳಿಯ ಪೀಚ್ ಇರಬೇಕು, ಆದ್ದರಿಂದ ಒಂದೇ ಮರಕ್ಕೆ ಜಾಗವಿರುವ ಹಿತ್ತಿಲಿಗೆ 'ಫ್ರಾಸ್ಟ್' ವಾಸಿ.